ಮರೆವಿನ ಮುಪ್ಪು ಮತ್ತು ಮಾನ

ಬಲ್ಲವರಾಗಿದ್ದವರು ಏನನ್ನೂ ಅರಿಯದವರಾಗಿಬಿಡುವ ವೃದ್ಧಾಪ್ಯದ ಕುರಿತು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ (16:70) ಪ್ರಸ್ತಾಪಿಸಿದೆ. ಅಂಥವರನ್ನು ಕಂಡಾಗ ನಾವು ‘ಅರಳು ಮರಳು’ ಎಂದು ಸುಮ್ಮನಾಗುತ್ತೇವೆ. ವೈದ್ಯರು ಹೇಳುವ ಡಿಮೆನ್ಶಿಯಾ ಮುಪ್ಪಿನ ಸಹಜ ಲಕ್ಷಣವಲ್ಲ, ಮೆದುಳಿನ ಕಾಯಿಲೆಗಳಿಂದ ಬರುವಂಥದ್ದು. ಅವುಗಳಲ್ಲಿ ಅಲ್ಝೈಮರ್ ಅತಿ ಸಾಮಾನ್ಯ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಎಂಬವರು ಇಂತಹ ರೋಗಿಗಳ ಆರೈಕೆಯನ್ನು ಹತ್ತಿರದಿಂದ ಅಭ್ಯಸಿಸಿದವರು. ಅವರ ಪದ್ಧತಿಯಲ್ಲಿ ವೀಕ್ಷಕನು ಆರೈಕೆ ಕೇಂದ್ರದ ಹಜಾರದಲ್ಲಿ ಕುಳಿತು 5 ನಿಮಿಷಕ್ಕೊಮ್ಮೆ ರೋಗಿಯ ಅವಸ್ಥೆಯನ್ನು ಗುರುತಿಸಿಕೊಳ್ಳುತ್ತಾನೆ. 1997ರ ತಮ್ಮ ಗ್ರಂಥದಲ್ಲಿ ಅವರು ರೋಗಿಯ ವ್ಯಕ್ತಿತ್ವವನ್ನು ಕುಗ್ಗಿಸುವ 17 ವರ್ತನೆಗಳನ್ನು ಹೆಸರಿಸಿದರು. ಮಗುವಿನಂತೆ ಕಾಣುವುದು, ಅವರಿಗೆ ನಿಲುಕದ ಅವಸರ ಮಾಡುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಮಾತಾಡಿಕೊಳ್ಳುವುದು, ಗೇಲಿ ಮಾಡುವುದು ಅವುಗಳಲ್ಲಿ ಕೆಲವು. ಹೀಗೆ ಮಾಡುವವರು ದುಷ್ಟರಲ್ಲ, ಹೆಚ್ಚಿನವರು ದಯೆಯಿಂದಲೇ ದುಡಿಯುವವರು ಎಂದೂ ಅವರು ಸ್ಪಷ್ಟಪಡಿಸಿದ್ದಾರೆ. ಈ ಮಾತೇ ನನ್ನನ್ನು ಕಾಡಿತು. ನಮ್ಮ ಮನೆಗಳಲ್ಲೂ ಇದೆಲ್ಲ ಪ್ರೀತಿಯ ಹೆಸರಿನಲ್ಲೇ ನಡೆಯುತ್ತದಲ್ಲವೇ?

ನುರಿತ ಶುಶ್ರೂಷಕರಿಗೆ ಮಾನವೆಂಬುದು ಕೈಯಲ್ಲಿ ಮಾಡಿ ತೋರಿಸುವ ಕೆಲಸ. ಬಾಗಿಲು ತಟ್ಟಿ ಒಳಹೋಗುತ್ತಾರೆ. ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಾಗಿ, ಹಿರಿಯರಿಗೆ ರೂಢಿಯಾದ ಹೆಸರಿನಿಂದಲೇ ಕರೆಯುತ್ತಾರೆ. ಮುಟ್ಟುವ ಮೊದಲು ಏನು ಮಾಡಲಿದ್ದೇವೆಂದು ಹೇಳುತ್ತಾರೆ. ಸ್ನಾನ ಮಾಡಿಸುವಾಗ ತೊಳೆಯುವ ಭಾಗವನ್ನಷ್ಟೇ ತೆರೆದು ಉಳಿದುದಕ್ಕೆ ಟವೆಲ್ ಹೊದಿಸುತ್ತಾರೆ. ಔರತ್ ಮರೆಸಬೇಕೆಂದು ಮಕ್ಕಳಿಗೆ ಕಲಿಸುವ ನಾವು, ಹಾಸಿಗೆ ಹಿಡಿದ ತಂದೆಯ ಬಟ್ಟೆ ಬದಲಿಸುವಾಗ ಬಾಗಿಲು ಹಾಕುವುದನ್ನೂ ಮರೆಯುತ್ತೇವೆ! ಇನ್ನು, ಇಷ್ಟೂ ಕೆಲಸವನ್ನು ಸೊಸೆಯೊಬ್ಬಳ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ದಣಿದ ಕೈಗೆ ತಾಳ್ಮೆ ಎಲ್ಲಿಂದ ಬರಬೇಕು? ಗಂಡುಮಕ್ಕಳೂ ಸರದಿ ಹಿಡಿಯಲಿ.

ನಮಾಝಿನ ವಿಷಯದಲ್ಲಿ ಮನೆಮನೆಗಳಲ್ಲಿ ಜಗಳವಾಗುವುದುಂಟು. ತಂದೆ ಅಸರ್ ಮುಗಿಸಿ ಐದೇ ನಿಮಿಷದಲ್ಲಿ ಮತ್ತೆ ವುಝೂಗೆ ಏಳುತ್ತಾರೆ, ರಕಅತ್‌ಗಳ ಲೆಕ್ಕ ತಪ್ಪುತ್ತಾರೆ. ಬುದ್ಧಿ ಸ್ವಾಧೀನದಲ್ಲಿಲ್ಲದವರ ಮೇಲೆ ಶರೀಅತ್ ಹೊಣೆ ಹೊರಿಸಿಲ್ಲ. ಮಗು, ನಿದ್ರಿಸುವವನು ಮತ್ತು ಬುದ್ಧಿ ಕಳೆದುಕೊಂಡವನ ಕುರಿತ ಪ್ರಸಿದ್ಧ ಹದೀಸ್ ಇದಕ್ಕೆ ಆಧಾರ. ನೆನಪು ಬಂದು ಹೋಗುವ ಆರಂಭದ ಹಂತದಲ್ಲಿರುವವರ ವಿಧಿಯನ್ನು ಬಲ್ಲ ಆಲಿಮರಲ್ಲಿ ಕೇಳಿ ತಿಳಿಯಿರಿ. ಆದರೆ ಗದರುವ, ಮುಸಲ್ಲಾ ಕಸಿಯುವ ಅಗತ್ಯ ಯಾವ ಹಂತದಲ್ಲೂ ಇಲ್ಲ. ಮಕ್ಕಳ ಹೆಸರು ಮರೆತ ಎಷ್ಟೋ ಹಿರಿಯರ ನಾಲಿಗೆಯಲ್ಲಿ ಫಾತಿಹಾ ಉಳಿದಿರುತ್ತದೆ. ‘ಆಗಲೇ ಮಾಡಿದಿರಲ್ಲ’ ಎಂದು ನಾಲ್ಕು ಜನರ ಮುಂದೆ ವಾದಿಸಿದರೆ ಅವರು ನಾಚಿ ಕುಗ್ಗುತ್ತಾರೆ ಅಷ್ಟೆ. ಏಳಲಿ ಬಿಡಿ. ವುಝೂ ಮಾಡುವಲ್ಲಿ ನೆಲಕ್ಕೆ ಅಂಟಿಕೊಳ್ಳುವ, ಜಾರದ ಮ್ಯಾಟ್ ಒಂದನ್ನು ಹಾಸಿ, ಚೊಂಬಿನಲ್ಲಿ ಸ್ವಲ್ಪವೇ ನೀರಿಟ್ಟು, ಪಕ್ಕದಲ್ಲಿ ನಿಂತುಕೊಳ್ಳಿ.