ಮದುವೆ ಛತ್ರದಲ್ಲಿ ಕಲಿತ ಆಟ



ಬೇಸಿಗೆ ರಜೆ ಬಂತೆಂದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಬೀದಿಗಳಲ್ಲಿ ಕ್ರೀಡಾ ಶಿಬಿರಗಳ ಫಲಕಗಳು ಕಾಣತೊಡಗುತ್ತವೆ. ಮಕ್ಕಳನ್ನು ಯಾವುದಕ್ಕೆ ಸೇರಿಸುವುದೆಂದು ಹೆತ್ತವರಿಗೆ ಚಿಂತೆ. ಒಳ್ಳೆಯ ಷೂ ಇಲ್ಲ, ಒಳ್ಳೆಯ ಕೋರ್ಟ್ ಇಲ್ಲ ಎಂದು ಮಕ್ಕಳಿಗೆ ಕೊರಗು. ಇಂಥ ಹೊತ್ತಿನಲ್ಲಿ ಪ್ರಕಾಶ್ ಪಡುಕೋಣೆಯವರ ಬಾಲ್ಯವನ್ನು ತಿಳಿಯುವುದು ಎಲ್ಲರಿಗೂ ಒಳ್ಳೆಯದು. ಇಂದಿನ ಮಕ್ಕಳು ಅವರನ್ನು ಚಿತ್ರನಟಿ ದೀಪಿಕಾ ಅವರ ತಂದೆಯೆಂದು ಬಲ್ಲರು. ಆದರೆ ಅದಕ್ಕೂ ಮುಂಚೆ ಅವರು ಜಗತ್ತನ್ನೇ ಗೆದ್ದ ಆಟಗಾರ.

ಪ್ರಕಾಶ್ ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಬ್ಯಾಡ್ಮಿಂಟನ್ ಕಲಿಸಿದವರು ತಂದೆ ರಮೇಶ್ ಪಡುಕೋಣೆ. ಯಶವಂತಪುರಕ್ಕೆ ಸಮೀಪದ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಸ್ಥೆಯಿದೆ. ಮದುವೆಗಳು ನಡೆಯುತ್ತಿದ್ದ ಅದರ ಸಭಾಂಗಣವೇ ಹುಡುಗ ಪ್ರಕಾಶನ ಮೊದಲ ಕೋರ್ಟ್. ಇಂದು ಮದುವೆಯೋ ಸಮಾರಂಭವೋ ಇದೆಯೇ ಎಂದು ದಿನವೂ ವಿಚಾರಿಸಬೇಕು. ಇಲ್ಲವೆಂದಾದರೆ ಶಾಲೆ ಮುಗಿದೊಡನೆ ಅಲ್ಲಿಗೆ ಓಟ. ಇದ್ದರೆ ಅಂದು ಆಟವಿಲ್ಲ.

1962ರಲ್ಲಿ, ಏಳನೆಯ ವಯಸ್ಸಿನಲ್ಲಿ, ಪ್ರಕಾಶ್ ರಾಜ್ಯ ಜೂನಿಯರ್ ಪಂದ್ಯಾವಳಿಗೆ ಇಳಿದರು. ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ನಂತರ ಅದೇ ಪ್ರಶಸ್ತಿ ಅವರದಾಯಿತು. 1971ರಿಂದ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದರು. 1980ರ ಮಾರ್ಚಿನಲ್ಲಿ ಲಂಡನ್ನಿನ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಫೈನಲ್‌ನಲ್ಲಿ, ಹಿಂದಿನ ಎರಡು ವರ್ಷ ಪ್ರಶಸ್ತಿ ಗೆದ್ದಿದ್ದ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿದರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ. ಮರುವರ್ಷ ಅದೇ ಫೈನಲ್‌ನಲ್ಲಿ ಅದೇ ಕಿಂಗ್ ಎದುರು ಸೋತರು. ಆದರೂ ಆಟ ಬಿಡಲಿಲ್ಲ. 1983ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕ ಗಳಿಸಿದರು.

ಪ್ರಕಾಶ್ ನಮ್ಮ ಧರ್ಮದವರಲ್ಲ, ಅವರಿಂದ ನಾವು ಏಕೆ ಕಲಿಯಬೇಕು ಎನ್ನುವಿರಾ? ಅನ್ಯಧರ್ಮೀಯರಲ್ಲಿ ಸತ್ಯವೂ ಪವಿತ್ರವೂ ಆದುದನ್ನು ತಿರಸ್ಕರಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ಬೋಧಿಸಿದೆ.

ಇಲ್ಲಿರುವ ಪಾಠ ಒಂದೇ: ಸಿಕ್ಕಷ್ಟರಲ್ಲಿ ನಿಷ್ಠೆ. ಅಲ್ಪದರಲ್ಲಿ ಪ್ರಾಮಾಣಿಕನಾದವನೇ ಹೆಚ್ಚಿನದರಲ್ಲೂ ಪ್ರಾಮಾಣಿಕನಾಗಿರುತ್ತಾನೆಂಬುದು ಸಂತ ಲೂಕನ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಕಲಿಸಿದ ಸತ್ಯ. ಪ್ರಭುವೂ ನಜರೇತಿನ ಬಡಗಿಯ ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಮೂವತ್ತು ವರ್ಷ ಕಳೆದರಲ್ಲವೇ? ಮಕ್ಕಳೇ, ಛತ್ರ ಖಾಲಿಯಾಗುವುದನ್ನು ಕಾಯುವುದೂ ಅಭ್ಯಾಸದ ಒಂದು ಭಾಗವೇ. ಇಲ್ಲದ್ದನ್ನು ಎಣಿಸುತ್ತ ಕುಳಿತವನು ಇದ್ದದ್ದನ್ನೂ ಕಳೆದುಕೊಳ್ಳುತ್ತಾನೆ.

ಹೆತ್ತವರಿಗೂ ಒಂದು ಮಾತು. ಮೊದಲ ಪಂದ್ಯದಲ್ಲಿ ಸೋತ ಮಗುವನ್ನು ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ. ಭಾನುವಾರದ ಬಲಿಪೂಜೆಯನ್ನೂ ಧರ್ಮೋಪದೇಶ ತರಗತಿಯನ್ನೂ ತಪ್ಪಿಸಿ ತರಬೇತಿಗೆ ಕಳುಹಿಸಬೇಡಿ. ಕೊರಿಂಥದ ಬಳಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಎಲೆಗಳ ಕಿರೀಟ. ಅದನ್ನು ಬಲ್ಲ ಸಂತ ಪೌಲರು ಆ ಊರಿನವರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ, ಬಾಡುವ ಕಿರೀಟಕ್ಕಾಗಿಯೇ ಆಟಗಾರರು ಇಷ್ಟು ಶಿಸ್ತು ಪಾಲಿಸುವಾಗ ಬಾಡದ ಕಿರೀಟಕ್ಕಾಗಿ ನಾವು ಎಷ್ಟು ಪಾಲಿಸಬೇಕು ಎಂದು ಎಚ್ಚರಿಸುತ್ತಾರೆ. ಪೌಲರು ಆಟವನ್ನು ಹಳಿಯಲಿಲ್ಲ. ಅದರ ಸ್ಥಾನವನ್ನು ತೋರಿಸಿದರು.

ಇಂದು ಯಲಹಂಕದ ಬಳಿ ಪ್ರಕಾಶ್ ಪಡುಕೋಣೆ, ರಾಹುಲ್ ದ್ರಾವಿಡ್ ಇಬ್ಬರ ಹೆಸರಿನಲ್ಲೂ ಕ್ರೀಡಾ ಕೇಂದ್ರವಿದೆ. ಆ ದಾರಿಯಲ್ಲಿ ಹೋಗುವಾಗ ಮಲ್ಲೇಶ್ವರದ ಆ ಛತ್ರವನ್ನು ನೆನೆಯಿರಿ.

ಈ ವಾರದ ಸಂಕಲ್ಪ: ಮನೆಯಲ್ಲಿ ಸಂಜೆ ಜಪಸರ ಮುಗಿದ ಮೇಲೆ, ದೇವರು ಈಗಾಗಲೇ ಕೊಟ್ಟಿರುವ, ಆದರೆ ನಾವು ಬಳಸದೆ ಬಿಟ್ಟಿರುವ ಒಂದು ಅವಕಾಶವನ್ನು ಪ್ರತಿಯೊಬ್ಬರೂ ಹೇಳಲಿ. ಮರುದಿನವೇ ಅದನ್ನು ಬಳಸಲು ತೊಡಗಲಿ.