ಮೊದಲ ಭರಣಿಗೆ ಅನಾನಸ್ ವೈನ್

ಮಡಿಕೇರಿಯ ಅಂಗಡಿಗಳಲ್ಲಿ ಕಾಫಿಪುಡಿ, ಜೇನುತುಪ್ಪ, ಕರಿಮೆಣಸಿನ ಪಕ್ಕದಲ್ಲೇ ‘ಹೋಂ ಮೇಡ್ ವೈನ್’ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಬರೀ ದ್ರಾಕ್ಷಿಯದಲ್ಲ, ನೆಲ್ಲಿಕಾಯಿ, ಶುಂಠಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಸೂಜಿಮೆಣಸಿನವೂ ಉಂಟು. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಅನಾನಸ್. ಸುಲಭವಾಗಿ ಸಿಗುತ್ತದೆ, ವೈನಿಗೆ ಬೇಕಾದ ಹುಳಿ ಹಣ್ಣಿನಲ್ಲೇ ಇರುತ್ತದೆ.

ಮಾರುವುದಕ್ಕೆ ಅಬಕಾರಿ ಪರವಾನಗಿ ಬೇಕು. ಮನೆಮಟ್ಟಿಗೆ ಮಾಡುವವರೂ ತಮ್ಮ ರಾಜ್ಯದ ನಿಯಮವನ್ನು ಮೊದಲೇ ಕೇಳಿ ತಿಳಿಯಬೇಕು. ಭಟ್ಟಿ ಇಳಿಸುವ ಯೋಚನೆಯಂತೂ ಬೇಡವೇ ಬೇಡ. ಅದು ಅಪರಾಧ, ಜೀವಕ್ಕೂ ಅಪಾಯ.

ದೋಸೆಹಿಟ್ಟು ರಾತ್ರಿಯಿಡೀ ಉಬ್ಬುವುದನ್ನು ನೋಡಿದವರಿಗೆ ಹುದುಗುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಆ ಕೆಲಸ ಯೀಸ್ಟಿನದು. ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದ್ದರೆ ಶೇ. 1ರಷ್ಟು ಆಲ್ಕೋಹಾಲ್. ಈ ಒಂದು ಲೆಕ್ಕ ತಿಳಿದಿದ್ದರೆ ಯಾರ ಅಳತೆಯನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ.

ಕೆಡುವುದು ಹೆಚ್ಚಾಗಿ ಪಾತ್ರೆಯ ಕೊಳೆಯಿಂದ. ಭರಣಿ, ಸೌಟು, ಬಟ್ಟೆ, ಕೊಳವೆ ಎಲ್ಲವನ್ನೂ ಸೋಪಿನಲ್ಲಿ ತೊಳೆದು, ಬಿಸಿನೀರು ತಾಳುವಂಥವನ್ನು ಕುದಿನೀರಿನಲ್ಲಿ ತೊಳೆಯಿರಿ. ಗಾಜಿನದನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳದೆ ಕುದಿನೀರು ಸುರಿದರೆ ಸೀಳುತ್ತದೆ. ಹಿತ್ತಾಳೆ, ತಾಮ್ರ, ಕಬ್ಬಿಣ ಬೇಡ. ಹುಳಿ ಅವನ್ನು ತಿನ್ನುತ್ತದೆ.

5 ಲೀಟರಿನ ಗಾಜಿನ ಭರಣಿ ತೆಗೆದುಕೊಳ್ಳಿ. ಸಿಪ್ಪೆ, ಕಣ್ಣು ತೆಗೆದ 1 ಕೆಜಿ ಅನಾನಸನ್ನು ಹಿಸುಕಿ ಹಾಕಿ. 750 ಗ್ರಾಂ ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿ, ಪೂರ್ತಿ ಆರಿಸಿ ಸುರಿಯಿರಿ. ಒಟ್ಟು 4 ಲೀಟರ್ ಆಗುವಷ್ಟು ನೀರು ಸೇರಿಸಿ. ನೊರೆ ಏಳುವುದಕ್ಕೆ ಮೇಲೆ ಜಾಗ ಬೇಕು. ಹಣ್ಣಿನ ಸಿಹಿಯೂ ಸೇರಿ ಶೇ. 12ರ ಆಸುಪಾಸಿನ ವೈನ್ ಆಗುತ್ತದೆ. ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕಿ. ಬ್ರೆಡ್ಡಿನ ಯೀಸ್ಟ್ ನಡೆಯುತ್ತದೆ, ಆದರೆ ಅದರ ವಾಸನೆ ಉಳಿಯುತ್ತದೆ. ವೈನಿನ ಯೀಸ್ಟ್ ತರಿಸಿಕೊಳ್ಳುವುದೇ ಮೇಲು.

ಮೊದಲ ಐದಾರು ದಿನ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ತೇಲುವ ತಿರುಳನ್ನು ಒಳಕ್ಕೆ ಅದುಮಿ. ಆಮೇಲೆ ಸೋಸಿ, ಕಂಠದವರೆಗೆ ತುಂಬುವಂಥ ಸಣ್ಣ ಭರಣಿಗೆ ಹಾಕಿ, ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ಒಳಬಿಡದ ಮುಚ್ಚಳ, ಅಂದರೆ ಏರ್‌ಲಾಕ್ ಕೂರಿಸಿ. ಈ ಹಂತದಲ್ಲಿ ಗಾಳಿ ಆಡಿದರೆ ವೈನ್ ವಿನೆಗರ್ ಆಗುತ್ತದೆ, ಬಿರಡೆ ಬಿಗಿಯಾಗಿ ಹಾಕಿದರೆ ಗಾಜು ಸಿಡಿಯುತ್ತದೆ. ಬಿಸಿಲು ಬೀಳದ, 20ರಿಂದ 25 ಡಿಗ್ರಿಯ ಮೂಲೆ ಒಳ್ಳೆಯದು.

ತಳದಲ್ಲಿ ಗಸಿ ಕೂತಂತೆಲ್ಲ ತಿಳಿಯನ್ನಷ್ಟೇ ಕೊಳವೆಯಿಂದ ಬೇರೆ ಭರಣಿಗೆ ಇಳಿಸಿ. ಎರಡು ಮೂರು ತಿಂಗಳಾದರೂ ಕಾಯಿರಿ. ಎಳೆಯ ವೈನ್ ಒರಟಾಗಿರುತ್ತದೆ, ಅದನ್ನು ರುಚಿ ನೋಡಿ ಕೈಬಿಡಬೇಡಿ. ಗುಳ್ಳೆ ನಿಂತು ತಿಳಿಯಾದ ಮೇಲೆಯೇ ಬಾಟಲಿ. ಸಿಹಿ ಸಾಲದೆನಿಸಿದರೆ ಬಾಟಲಿಗೆ ಸಕ್ಕರೆ ಹಾಕಬೇಡಿ, ಯೀಸ್ಟ್ ಮತ್ತೆ ಎದ್ದು ಬಾಟಲಿ ಒಡೆದೀತು. ಕುಡಿಯುವಾಗ ಲೋಟಕ್ಕೇ ಬೆರೆಸಿಕೊಳ್ಳಿ.