ಫ್ರಿಜ್ಜಿನ ಗ್ಯಾಸು: ಎಚ್ಚರ ತಪ್ಪಿದರೆ ಅಪಾಯ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಕುಂತೂರಿನ ಕಡೆಯ ಯುವಕನೊಬ್ಬ ಬಲಗೈಗೆ ಟವೆಲು ಸುತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದ. ಫ್ರಿಜ್ ರಿಪೇರಿ ಕಲಿಯುತ್ತಿದ್ದ ಹುಡುಗ. ಗ್ಯಾಸ್ ತುಂಬುವಾಗ ಸಿಲಿಂಡರಿನ ಪೈಪು ಕಳಚಿ, ದ್ರವರೂಪದ ಗ್ಯಾಸು ನೇರವಾಗಿ ಬೆರಳುಗಳ ಮೇಲೆ ಚಿಮ್ಮಿತ್ತು. ಎರಡು ಬೆರಳುಗಳ ತುದಿ ಮೇಣದಂತೆ ಬಿಳುಚಿ ಗಡುಸಾಗಿತ್ತು. ಸೂಜಿಯಿಂದ ಮುಟ್ಟಿದರೂ ಅವನಿಗೆ ತಿಳಿಯುತ್ತಿರಲಿಲ್ಲ. "ಸಾ, ಬೆಂಕಿನೇ ತಾಗ್ಲಿಲ್ಲ, ಆದ್ರೂ ಕೈ ಸುಟ್ಟೋಯ್ತು" ಎಂದ.

ಜೊತೆಯಲ್ಲಿದ್ದವರು ಇನ್ನೊಂದು ತಪ್ಪು ಮಾಡಿದ್ದರು. ಕೈ ತಣ್ಣಗಾಗಿದೆಯೆಂದು ಸ್ಟೌವಿನ ಉರಿಯ ಹತ್ತಿರ ಹಿಡಿಸಿದ್ದರು. ಮರಗಟ್ಟಿದ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಹಾಗಾಗಿ ಶೀತದ ಗಾಯದ ಮೇಲೆ ಬೆಂಕಿಯ ಗಾಯವೂ ಸೇರಿಕೊಂಡಿತ್ತು.

ಇಂದು ಹಳ್ಳಿಯ ಮನೆಗಳಲ್ಲೂ ಫ್ರಿಜ್ ಇದೆ. ಹಾಲಿನ ಡೇರಿಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಬಲ್ಕ್ ಕೂಲರ್‌ಗಳಿವೆ. ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಕಾಪಾಡುವ ಪೆಟ್ಟಿಗೆಗಳಿವೆ. ಇವೆಲ್ಲದರ ಒಳಗೆ ಹರಿಯುವ ಗ್ಯಾಸಿನ ಬಗ್ಗೆ ಮಾತ್ರ ನಮಗೆ ತಿಳಿದಿರುವುದು ಕಡಿಮೆ.

ತಂಪು ಬರುವುದು ಹೇಗೆ?

ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗೆನಿಸುತ್ತದಲ್ಲವೆ? ಸ್ಪಿರಿಟ್ ಆರುವಾಗ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ಕೊಳವೆಯೊಳಗಿನ ದ್ರವ ಆವಿಯಾಗುವಾಗ ಪೆಟ್ಟಿಗೆಯ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಹಿಂಬದಿಯ ಕೊಳವೆಗಳಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ.

ನೀರು ಕುದಿಯುವುದು 100 ಡಿಗ್ರಿಯಲ್ಲಿ. ಫ್ರಿಜ್ಜಿನ ಆರ್-134ಎ ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಹಳೆಯ ಎ.ಸಿ.ಗಳ ಆರ್-22 ಸೊನ್ನೆಗಿಂತ 41 ಡಿಗ್ರಿ ಕೆಳಗೆ ಕುದಿಯುತ್ತದೆ. ಇಂಥ ದ್ರವ ಚರ್ಮಕ್ಕೆ ತಾಗಿದರೆ ಕ್ಷಣದಲ್ಲಿ ಅಲ್ಲಿನ ಜೀವಕೋಶಗಳು ಹೆಪ್ಪುಗಟ್ಟುತ್ತವೆ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಬದಲಾಗುತ್ತ ಬಂದ ಗ್ಯಾಸು

ಮೊದಲ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮಿಥೈಲ್ ಕ್ಲೋರೈಡ್‌ನಂಥ ವಿಷಾನಿಲಗಳಿದ್ದವು. ಬರ್ಲಿನ್‌ನಲ್ಲಿ ಫ್ರಿಜ್ಜಿನ ಗ್ಯಾಸ್ ಸೋರಿ ಒಂದು ಕುಟುಂಬವೇ ಸತ್ತ ಸುದ್ದಿ ಓದಿ, 1926ರ ಸುಮಾರಿಗೆ ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಸೋರದಂಥ ಫ್ರಿಜ್ ರೂಪಿಸಲು ಹೊರಟರು. ಆಮೇಲೆ ಬಂದ ಆರ್-12 ಎಂಬ ಸಿ.ಎಫ್.ಸಿ. ಉರಿಯುತ್ತಿರಲಿಲ್ಲ, ಅಷ್ಟಾಗಿ ವಿಷವೂ ಅಲ್ಲ. ಆದರೆ ಅದು ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂದು ತಿಳಿಯಿತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2010ರಿಂದ ಫ್ರಿಜ್ಜುಗಳಿಗೆ ಸಿ.ಎಫ್.ಸಿ. ನಿಂತುಹೋಯಿತು.

ಈಗಿನ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ಓಜೋನಿಗೆ ಇದರಿಂದ ಹಾನಿಯಿಲ್ಲ. ಆದರೆ ಇದು ಅಡುಗೆ ಗ್ಯಾಸಿನ ಹತ್ತಿರದ ನೆಂಟ, ಹೊತ್ತಿಕೊಳ್ಳುತ್ತದೆ. ಅಡುಗೆ ಗ್ಯಾಸು ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ವಾಸನೆ ಸೇರಿಸಿರುತ್ತಾರೆ. ಫ್ರಿಜ್ಜಿನ ಗ್ಯಾಸಿಗೆ ಆ ವಾಸನೆ ಇಲ್ಲ. ನಿಮ್ಮ ಫ್ರಿಜ್ಜಿನಲ್ಲಿ ಯಾವ ಗ್ಯಾಸಿದೆ ಎಂಬುದು ಹಿಂಬದಿಯ ಅಥವಾ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಇಂದೇ ಒಮ್ಮೆ ನೋಡಿ.

ಚಾಕು ಬೇಡ

ಮನೆಗಳಲ್ಲಿ ಗ್ಯಾಸು ಸೋರಲು ಸಾಮಾನ್ಯ ಕಾರಣಗಳಲ್ಲಿ ಒಂದು ಅಡುಗೆ ಮನೆಯ ಚಾಕು. ಫ್ರೀಜರಿನಲ್ಲಿ ಐಸ್ ಕಟ್ಟಿತೆಂದು ಚಾಕುವಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಕೆತ್ತುತ್ತೇವೆ. ಐಸಿನ ಹಿಂದೆಯೇ ತೆಳುವಾದ ಕೊಳವೆ ಇರುತ್ತದೆ. ತುದಿ ತಾಗಿ ತೂತಾದರೆ 'ಸುಯ್' ಎಂದು ಗ್ಯಾಸು ಹೊರಬರುತ್ತದೆ.

ಮನೆಯ ಫ್ರಿಜ್ಜಿನಲ್ಲಿ ಈ ಗ್ಯಾಸು ಇರುವುದು ಕೆಲವೇ ಹತ್ತು ಗ್ರಾಂ. ಗಾಳಿಯಾಡುವ ಕೋಣೆಯಲ್ಲಿ ಅದು ಬೇಗ ತೆಳುವಾಗಿ ಹೋಗುತ್ತದೆ. ಆದರೆ 50 ಗ್ರಾಂ ಗ್ಯಾಸು ಆವಿಯಾದರೆ ಸುಮಾರು 20 ಲೀಟರ್ ಆಗುತ್ತದೆ. ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಅಥವಾ ಫ್ರಿಜ್ಜಿನ ಒಳಗೇ ನಿಲ್ಲಬಹುದು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟಿದ್ದರೂ ಒಂದು ಕಿಡಿ ಸಾಕು.

ಐಸ್ ಕರಗಿಸಬೇಕೆ? ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಬಾಗಿಲು ತೆರೆದಿಟ್ಟು, ಒಳಗೆ ಒಂದು ಪಾತ್ರೆಯಲ್ಲಿ ಬಿಸಿ ನೀರಿಡಿ. ತಾನಾಗಿ ಕರಗುತ್ತದೆ. ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೆ.

ಆಕಸ್ಮಾತ್ ತೂತಾದರೆ ಸ್ಟೌವ್, ದೇವರ ದೀಪ, ಊದುಬತ್ತಿ ಎಲ್ಲ ಆರಿಸಿ. ಆ ಕೋಣೆಯ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಫ್ರಿಜ್ಜಿನ ಬಾಗಿಲನ್ನು ತೆರೆದಂತೆಯೇ ಬಿಟ್ಟು, ಮನೆಯ ಕಿಟಕಿ ಬಾಗಿಲುಗಳನ್ನು ತೆರೆದು ಎಲ್ಲರೂ ಹೊರಗೆ ಬನ್ನಿ. ಮೇನ್ ಸ್ವಿಚ್ ಕೋಣೆಯಿಂದ ದೂರವಿದ್ದರೆ ಮಾತ್ರ ಅಲ್ಲಿ ಕರೆಂಟು ತೆಗೆಯಿರಿ.

ಮೆಕ್ಯಾನಿಕ್ ಮನೆಗೆ ಬಂದಾಗ

ರಿಪೇರಿಗೆ ಬರುವವರು ತರಬೇತಿ ಪಡೆದವರೇ ಎಂದು ವಿಚಾರಿಸಿ. ಐ.ಟಿ.ಐ.ಗಳಲ್ಲಿ ಇದಕ್ಕಾಗಿಯೇ ಎರಡು ವರ್ಷದ ಕೋರ್ಸಿದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಿಟಕಿ ಬಾಗಿಲು ತೆರೆದಿರಲಿ, ಅಡುಗೆ ನಿಲ್ಲಲಿ.

ಈ ಕೆಲಸ ಮಾಡುವ ತಮ್ಮಂದಿರಿಗೂ ಕೆಲವು ಮಾತು. ಕನ್ನಡಕ ಮತ್ತು ಕೈಗವಸು ಇಲ್ಲದೆ ಪೈಪು ಬಿಚ್ಚಬೇಡಿ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂದಕ್ಕೆ ತೆಗೆದುಕೊಳ್ಳಿ. ಗ್ಯಾಸು ಉಳಿದಿರುವ ಕೊಳವೆಗೆ ಬೆಸುಗೆಯ ಉರಿ ಹಿಡಿಯಬೇಡಿ. ಐಸೋಬ್ಯುಟೇನ್ ಆದರೆ ಹೊತ್ತಿಕೊಳ್ಳುತ್ತದೆ. ಆರ್-22, ಆರ್-134ಎಗಳು ಉರಿಯಲ್ಲಿ ಒಡೆದು ಹೈಡ್ರೋಫ್ಲೋರಿಕ್ ಆಮ್ಲದಂಥ ವಿಷಗಳಾಗುತ್ತವೆ. ಆರ್-22ರಿಂದ ಫಾಸ್ಜೀನ್ ಎಂಬ ಘೋರ ವಿಷವೂ ಹುಟ್ಟಬಹುದು. ಕೊಳವೆ ಸೋರುತ್ತಿದೆಯೇ ಎಂದು ನೋಡಲು ಆಕ್ಸಿಜನ್ ತುಂಬಿಸಲೇಬಾರದು. ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟವಾದೀತು. ಅದಕ್ಕೆ ಒಣ ನೈಟ್ರೋಜನ್ ಇದೆ, ಸೋಪಿನ ನೊರೆಯಿದೆ. ಆರ್-134ಎ ಫ್ರಿಜ್ಜಿಗೆ ಅಗ್ಗವೆಂದು ಬೇರೆ ಗ್ಯಾಸನ್ನಾಗಲಿ, ಅಡುಗೆ ಗ್ಯಾಸನ್ನಾಗಲಿ ತುಂಬಬೇಡಿ.

ಉಸಿರಿಗೆ ಸೇರಿದರೆ

ಮುಚ್ಚಿದ ಕೋಣೆಯಲ್ಲಿ ಭಾರವಾದ ಗ್ಯಾಸು ಆಮ್ಲಜನಕವನ್ನು ತಳ್ಳಿಬಿಡುತ್ತದೆ. ತಲೆ ಸುತ್ತು, ಮಂಪರು ಬಂದು ಮನುಷ್ಯ ಕುಸಿಯುತ್ತಾನೆ. ಅವನನ್ನು ಎಳೆಯಲು ಒಳಗೆ ಹೋದವನೂ ಅಲ್ಲೇ ಬೀಳಬಹುದು. ಮೊದಲು ಗಾಳಿ ಬರಲಿ, ಆಮೇಲೆ ನೀವು ಹೋಗಿ. ಕೆಲವು ಗ್ಯಾಸುಗಳು ಹೃದಯದ ಬಡಿತವನ್ನೂ ಕೆಡಿಸುತ್ತವೆ. ಗಾಬರಿ, ಓಟ ಅದನ್ನು ಇನ್ನೂ ಹೆಚ್ಚಿಸುತ್ತವೆ. ಆದ್ದರಿಂದ ಹೊರಗೆ ತಂದವನನ್ನು ಓಡಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಯಾವ ಗ್ಯಾಸು ಎಂದು ವೈದ್ಯರಿಗೆ ಹೇಳಲೇಬೇಕು. ಅದು ತಿಳಿದರೆ ಅಡ್ರಿನಲಿನ್‌ನಂಥ ಔಷಧಿ ಕೊಡುವಾಗ ಅವರು ಹುಷಾರಾಗಿರುತ್ತಾರೆ.

ಸುಟ್ಟ ಗ್ಯಾಸಿನ ಘಾಟು ಕುಡಿದವರಿಗೆ ಆಗ ಬರೀ ಕೆಮ್ಮಿದ್ದು, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. "ಈಗ ಸರಿಯಾಯ್ತು" ಎಂದು ಮನೆಯಲ್ಲಿ ಮಲಗಬಾರದು. ಆಸ್ಪತ್ರೆಯಲ್ಲಿರಬೇಕು.

ಐಸ್ ಫ್ಯಾಕ್ಟರಿ, ದೊಡ್ಡ ಶೀತಲಗೃಹಗಳಲ್ಲಿ ಇಂದಿಗೂ ಅಮೋನಿಯಾವೇ ಹೆಚ್ಚು. ಅದರ ಘಾಟೇ ಎಚ್ಚರಿಕೆಯ ಗಂಟೆ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಅಥವಾ ಎದುರಾಗಿ ದೂರ ಹೋಗಿ, ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ. ಕಣ್ಣಿಗೆ ತಾಗಿದರೆ ಉಜ್ಜದೆ, ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, ನಂತರ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಶೀತದ ಗಾಯಕ್ಕೆ ಪ್ರಥಮ ಚಿಕಿತ್ಸೆ

ಉಂಗುರ, ಬಳೆ, ವಾಚು ಮೊದಲು ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. ಗಾಯವನ್ನು 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಿ. ಥರ್ಮಾಮೀಟರ್ ಬೇಕಿಲ್ಲ. ಎಳೆ ಮಗುವಿನ ಸ್ನಾನದ ನೀರನ್ನು ತಾಯಿ ಮೊಣಕೈಯಿಂದ ನೋಡುತ್ತಾಳಲ್ಲ, ಅಷ್ಟೇ ಬೆಚ್ಚಗಿದ್ದರೆ ಸಾಕು. ಗಾಯವಾದವನ ಕೈಯಿಂದ ನೀರಿನ ಬಿಸಿ ನೋಡಿಸಬೇಡಿ. ಉಜ್ಜುವುದು, ಬೆಂಕಿ ಕಾಯಿಸುವುದು, ಟೂತ್‌ಪೇಸ್ಟ್ ಅಥವಾ ತುಪ್ಪ ಹಚ್ಚುವುದು, ಬೊಬ್ಬೆ ಒಡೆಯುವುದು ಯಾವುದೂ ಬೇಡ. ಸ್ವಚ್ಛ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆತನ್ನಿ.

ಆ ಹುಡುಗನ ಬೆರಳುಗಳು ಉಳಿದವು. ಒಂದರ ಉಗುರು ಹೋಯಿತು, ತುದಿಗೆ ಇಂದಿಗೂ ಸ್ಪರ್ಶ ಸರಿಯಾಗಿಲ್ಲ. ಈಗ ಅವನು ಕೈಗವಸಿಲ್ಲದೆ ಸಿಲಿಂಡರ್ ಮುಟ್ಟುವುದಿಲ್ಲವಂತೆ. ಹತ್ತು ಮನೆಗಳ ಫ್ರಿಜ್ ರಿಪೇರಿ ಮಾಡುವ ಕೈ ಅದು, ಅವನ ಮನೆಯ ಅನ್ನವೂ ಅದರಿಂದಲೇ. ನಿಮ್ಮ ಮನೆಗೆ ಬರುವ ಮೆಕ್ಯಾನಿಕ್ ಬರಿಗೈಯಲ್ಲಿ ಕೆಲಸಕ್ಕೆ ಕೂತರೆ "ಗ್ಲೌಸ್ ಹಾಕ್ಕೊಳಪ್ಪ" ಎಂದು ಒಂದು ಮಾತು ಹೇಳಿ.